ದುಂಡೇಶನಿಗೊಂದು ತಂಪು ಊರು

ಏಪ್ರಿಲ್ 12, 2024, ಶುಕ್ರವಾರ. ಸಿಂದಗಿ

ವಾರ್ಡಿನಲ್ಲಿ ಉಳಿದಿದ್ದ ಹಳೆಯ ನೋಟುಬುಕ್ಕು ಇದು. ಮೊದಲ ನಾಲ್ಕು ಹಾಳೆಗಳಲ್ಲಿ ಯಾರದೋ ಜ್ವರ, ಯಾರದೋ ಬಿ.ಪಿ. ಬರೆದಿದೆ. ಹರಿದು ಹಾಕಲು ಮನಸ್ಸಾಗಲಿಲ್ಲ. ಐದನೆಯ ಹಾಳೆಯಿಂದ ನನ್ನದು.

ಇವತ್ತು ದುಂಡೇಶನನ್ನು ಸೊಲ್ಲಾಪುರದ ಚರ್ಮದ ಡಾಕ್ಟರಿಗೆ ತೋರಿಸಿಕೊಂಡು ಬಂದೆವು. ಅವರು ಅವನ ಅಂಗಿ ಬಿಚ್ಚಿಸಿ, ಅಂಗೈಯನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಬಾಯಿ ತೆರೆಸಿದರು. ಎರಡೂವರೆ ವರ್ಷಕ್ಕೆ ಎರಡೇ ಹಲ್ಲು, ಅವೂ ಮೊಳೆಯ ಹಾಗೆ ಚೂಪು. ತಲೆಯ ಮೇಲೆ ಕೂದಲು ಇದೆಯೋ ಇಲ್ಲವೋ ಎನ್ನುವಷ್ಟು. ಹುಟ್ಟಿನಿಂದ ಬಂದ ಕಾಯಿಲೆಯಂತೆ. ಮೈಯಲ್ಲಿ ಬೆವರಿನ ಗ್ರಂಥಿಗಳೇ ಇಲ್ಲ. ಬೆವರದ ಮೈ ತನ್ನನ್ನು ತಾನು ತಣಿಸಿಕೊಳ್ಳಲಾರದು. ಹೊರಗೆ ಕಾವು ಏರಿದಂತೆ ಒಳಗೂ ಏರುತ್ತದೆ. ಇದಕ್ಕೆ ಔಷಧಿ ಇಲ್ಲ.

ನಾನು ಎಂಟು ವರ್ಷದಿಂದ ನರ್ಸ್. ಪ್ರತಿ ಬೇಸಿಗೆ ಅವನಿಗೆ ಬಂದ ಜ್ವರಕ್ಕೆ ಸಿರಪ್ ಕುಡಿಸಿದೆ. ಕೆಲವು ಮಕ್ಕಳಿಗೆ ಹಲ್ಲು ತಡ ಎಂದು ಬೇರೆ ತಾಯಂದಿರಿಗೆ ಹೇಳುವುದನ್ನೇ ನನಗೂ ಹೇಳಿಕೊಂಡೆ. ಈ ಹುಡುಗ ಒಮ್ಮೆಯೂ ಬೆವರಿಲ್ಲ ಎನ್ನುವುದು ನನ್ನ ಕಣ್ಣಿಗೆ ಬೀಳಲೇ ಇಲ್ಲ.

"ನಿಮ್ಮ ತವರಮನ್ಯಾಗ ಗಂಡು ಕೂಸುಗಳು ಸಣ್ಣವಿದ್ದಾಗ ತೀರಿಕೊಂಡಾವೇನು?" ಎಂದು ಡಾಕ್ಟರು ಕೇಳಿದರು.

ಇಬ್ಬರು ಅಣ್ಣಂದಿರು, ನಾನು ಹುಟ್ಟುವ ಮೊದಲೇ, ಬೇಸಿಗೆಯ ಜ್ವರದಲ್ಲಿ ಎಂದೆ. ಅವರು ತಲೆಯಾಡಿಸಿ ಬರೆದುಕೊಂಡರು. ಇದು ತಾಯಿಯಿಂದ ಮಗನಿಗೆ ಬರುತ್ತದಂತೆ.

ಬಸ್ಸು ಇಂಡಿ ದಾಟಿತು. ಇವರು ಕಿಟಕಿಯ ಕಡೆ ನೋಡುತ್ತಲೇ ಅಂದರು: "ನಮ್ಮವ್ವನ ಮುಂದ ನಿನ್ನ ಕಡಿಂದ ಬಂದೈತಿ ಅಂತ ಹೇಳಬ್ಯಾಡ. ಹುಟ್ಟಾ ಹಂಗ ಐತಿ ಅಂದ್ರ ಸಾಕು."

ಮದುವೆಯಾಗಿ ಹತ್ತು ವರ್ಷ. ಮಾಳಿಂಗ ಎಂಬ ಈ ಮನುಷ್ಯ ನನ್ನ ಮರ್ಯಾದೆ ಕಾಯದ ದಿನವಿಲ್ಲ.

ಏಪ್ರಿಲ್ 21, ಭಾನುವಾರ

ದುಂಡೇಶನಿಗೆ ಯಾವಾಗಲೂ ಒದ್ದೆ ಬನಿಯನ್ನು. ಅರ್ಧ ಗಂಟೆಗೆ ಒಣಗುತ್ತದೆ, ಮತ್ತೆ ತೋಯಿಸಬೇಕು. ಕೂಲರಿನ ಮುಂದೆಯೇ ಊಟ, ಆಟ, ನಿದ್ದೆ. ಕರೆಂಟು ಹೋದರೆ ಬೀಸಣಿಗೆ.

ಮಗಳು ಪ್ರಿಯದರ್ಶಿನಿ ಈ ಕೆಲಸವನ್ನು ತಾನೇ ಮೈಮೇಲೆ ಹಾಕಿಕೊಂಡಿದ್ದಾಳೆ. ಮೂರನೆಯ ತರಗತಿ ಮುಗಿಸಿದ ಹುಡುಗಿ, ಗಡಿಯಾರದ ಕೆಳಗೆ ಬಕೆಟ್ ಇಟ್ಟುಕೊಂಡು ಕೂಡುತ್ತಾಳೆ. ಇವತ್ತು ಡ್ಯೂಟಿ ಮುಗಿಸಿ ಬಂದವಳು ಗೋಡೆಗೆ ಒರಗಿ ಕೂತಿದ್ದೆ. ಬಂದು ನನ್ನ ಹಣೆಯ ಮೇಲೂ ಒಂದು ಒದ್ದೆ ಬಟ್ಟೆ ಇಟ್ಟಳು.

"ನನಗ ಯಾಕಲೇ? ನನಗೇನಾಗೇತಿ?"

"ನೀನೂ ದಣದೀಯಲ್ಲಬೇ. ಸುಮ್ ಕುಂದರು."

ಇಬ್ಬರೂ ನಕ್ಕೆವು. ಈ ತಿಂಗಳಲ್ಲಿ ನಕ್ಕಿದ್ದು ಇದೇ ಮೊದಲು.

ಮೇ 3, ಶುಕ್ರವಾರ

ನಿನ್ನೆಯದು ಇವತ್ತು ಬರೆಯುತ್ತಿದ್ದೇನೆ. ನಿನ್ನೆ ರಾತ್ರಿ ಆಸ್ಪತ್ರೆಯಲ್ಲೇ ಕಳೆಯಿತು.

ನಲವತ್ತಮೂರು ಡಿಗ್ರಿ. ಹನ್ನೊಂದಕ್ಕೆ ಹೋದ ಕರೆಂಟು ಎರಡಾದರೂ ಬರಲಿಲ್ಲ. ನಾನು ಆಸ್ಪತ್ರೆಯಲ್ಲಿದ್ದೆ, ಇವರು ಅಂಗಡಿಯಲ್ಲಿ, ಅತ್ತೆ ಊರಲ್ಲಿರಲಿಲ್ಲ. ನೀರಿನ ಟ್ಯಾಂಕು ಕಾದು, ನಲ್ಲಿಯಲ್ಲಿ ಬರುವ ನೀರೇ ಕೈ ಸುಡುತ್ತಿತ್ತಂತೆ. ಪ್ರಿಯಾ ಅದರಲ್ಲೇ ಬನಿಯನ್ನು ತೋಯಿಸಿದ್ದಾಳೆ, ತೋಯಿಸಿದ್ದಾಳೆ. ದುಂಡೇಶ ಕಣ್ಣು ಮೇಲೆ ಮಾಡಿ ಸೆಟೆದುಕೊಂಡಾಗ ಬರಿಗಾಲಲ್ಲಿ ಓಡಿ ಹೋಗಿ, ಓಣಿಯ ತುದಿಯಲ್ಲಿ ತಂಪು ಪಾನೀಯದ ಅಂಗಡಿ ಇಟ್ಟಿರುವ ದಸ್ತಗೀರಸಾಬರನ್ನು ಕರೆದಿದ್ದಾಳೆ. ಅವರು ಬಾಟಲಿಗಳನ್ನು ಕೆಳಗೆ ಸುರಿದು, ಐಸಿನ ಡಬ್ಬಿಯಲ್ಲೇ ಹುಡುಗನನ್ನು ಕೂರಿಸಿಕೊಂಡು ಆಸ್ಪತ್ರೆಗೆ ಬಂದರು. ಮೈ ನೂರಾ ಆರು ಇತ್ತು. ಮೂರು ಸಲ ಫಿಟ್ಸ್ ಬಂತು.

ಉಳಿದ. ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು: "ಸುನೀತಾ, ಈ ಸಲ ಪಾರಾದ. ಮಿದುಳಿಗೆ ಪೆಟ್ಟು ಬಿದ್ದಿಲ್ಲ ಅನಸ್ತದ. ಮುಂದಿನ ಬ್ಯಾಸಗಿ ಇವನ್ನ ಇಲ್ಲಿ ಇಟಗೋಬ್ಯಾಡ್ರಿ."

ಪ್ರಿಯಾಳ ಅಂಗಾಲಿನಲ್ಲಿ ಬೊಬ್ಬೆ ಎದ್ದಿವೆ. ಮುಲಾಮು ಹಚ್ಚಿದೆ.

ಮೇ 10, ಶುಕ್ರವಾರ. ಬಸವ ಜಯಂತಿ

ಊರು ಆರಿಸುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಒಂದು ಹಾಳೆಯಲ್ಲಿ ಊರುಗಳ ಹೆಸರು ಬರೆದು, ಎದುರಿಗೆ ಮೇ ತಿಂಗಳ ಬಿಸಿಲೆಷ್ಟು ಎಂದು ಹಾಕುತ್ತಾ ಹೋದೆ. ನಮ್ಮ ಸುತ್ತಿನ ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಯಾವುದೂ ಸಿಂದಗಿಗಿಂತ ಬೇರೆಯಲ್ಲ. ಅವನ್ನು ಬರೆಯಲೂ ಇಲ್ಲ.

ಇವರು ಬೆಳಗಾವಿ ಅಂದರು. "ಭಾಷಾ ನಮ್ಮದು, ಒಂದ ದಿನದಾಗ ಹೋಗಿ ಬರಬಹುದು."

"ಮೂವತ್ತಾರು ಆಗತೈತ್ರಿ ಅಲ್ಲಿ."

"ಮಡಿಕೇರಿ?"

ಮಡಿಕೇರಿಯ ಚಳಿ ಸರಿ, ಮಳೆ ಆಗದು. ಇಂಥ ಮಕ್ಕಳ ಮೂಗು, ಗಂಟಲೂ ಒಣ. ಕಫ ಹೊರಗೆ ಬಾರದೆ ಎದೆಯಲ್ಲೇ ಕೂಡುತ್ತದೆ. ಆರು ತಿಂಗಳು ಮಳೆಯಲ್ಲಿ ಇಟ್ಟರೆ ನ್ಯುಮೋನಿಯಾ ಕಟ್ಟಿಟ್ಟದ್ದು. ಕೊನೆಗೆ ಹಾಳೆಯಲ್ಲಿ ಮೂರು ಉಳಿದವು: ಊಟಿ, ಕೂನೂರು, ಕೋಟಗಿರಿ. ಮೂರೂ ನೀಲಗಿರಿಯವು. ಮೂರೂ ತಮಿಳರ ಊರು.

ಬೇಕಾದ್ದು ಇಷ್ಟೇ: ಹತ್ತಿರದಲ್ಲಿ ಆಸ್ಪತ್ರೆ, ನನಗೆ ಕೆಲಸ, ಇವರಿಗೆ ಕೆಲಸ, ಪ್ರಿಯಾಗೆ ಶಾಲೆ, ನಾವು ನಾಲ್ವರು ಮಲಗುವಷ್ಟು ಒಂದು ಕೋಣೆ.

ಮೇ 19, ಭಾನುವಾರ. ದೇವಣಗಾಂವ

ಅವ್ವನನ್ನು ನೋಡಲು ಒಬ್ಬಳೇ ಬಂದೆ. ಅವಳು ಇಲ್ಲಿ ಚಿಕ್ಕಪ್ಪನ ಮನೆಯವರ ಜೊತೆ ಇದ್ದಾಳೆ. ಹೋದ ಅಣ್ಣಂದಿರ ಬಗ್ಗೆ ಕೇಳಬೇಕಿತ್ತು. ಮೂವತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಅವ್ವ ಜೋಳ ಹಸನು ಮಾಡುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಹಿರ್ಯಾವ ಒಂದೂವರಿ ವರ್ಷದವ. ಮೈ ಹೆಂಚಿನಂಗ ಸುಡತಿತ್ತು. ಬೆವರು ಬಿಟ್ರ ಜ್ವರಾ ಇಳೀತೈತಿ ಅಂದ್ರು ಎಲ್ಲಾರೂ. ಎರಡು ಕಂಬಳಿ ಹೊಚ್ಚಿದೆ. ಬಾಗಲಾ ಮುಚಗೊಂಡು ತೆಕ್ಕ್ಯಾಗ ಹಿಡಕೊಂಡು ಕುಂತೆ. ಬೆವರು ಬರಲೇ ಇಲ್ಲ."

"ಎರಡನೇದಾವಗ?"

"ಅವಂಗ ಮೂರು ಕಂಬಳಿ. ಮದಲನೇದಾವಗ ಕಡಿಮಿ ಬಿತ್ತು ಅನಕೊಂಡೆ."

ನಾನು ಮೊರದ ಕಡೆ ನೋಡುತ್ತಾ ಕೂತೆ. ಅವ್ವ ಕೇಳಿದಳು: "ಅದು ತಪ್ಪಾತೇನ ತಂಗಿ?"

"ಇಲ್ಲಬೇ. ನೀ ಏನು ಮಾಡಿದ್ರೂ ಅವರು ಉಳೀತಿದ್ದಿಲ್ಲ. ಈ ಬ್ಯಾನಿನೇ ಹಂತಾದ್ದು."

"ನೀ ನರ್ಸ ಇದ್ದಿ. ನಿನಗ ಗೊತ್ತಿರತೈತಿ," ಎಂದಳು. ಮತ್ತೆ ಜೋಳ ಹಸನು ಮಾಡತೊಡಗಿದಳು.

ಜೂನ್ 7, ಶುಕ್ರವಾರ. ಕೋಟಗಿರಿ

ದುಂಡೇಶನನ್ನು ಕರೆದುಕೊಂಡು ನಾವಿಬ್ಬರೂ ಊರು ನೋಡಲು ಬಂದು ನಾಲ್ಕು ದಿನ. ಪ್ರಿಯಾಳನ್ನು ಅತ್ತೆಯ ಹತ್ತಿರ ಬಿಟ್ಟಿದ್ದೇವೆ.

ಊಟಿಯಲ್ಲಿ ಪ್ರವಾಸಿಗರೇ ತುಂಬಿದ್ದಾರೆ, ಮನೆ ಕೇಳಿದರೆ ದಿನದ ಬಾಡಿಗೆ ಹೇಳುತ್ತಾರೆ. ಕೂನೂರಿನ ಎರಡು ಆಸ್ಪತ್ರೆಗಳಲ್ಲಿ ತಮಿಳು ಬಾರದ ನರ್ಸ್ ಬೇಡ ಅಂದರು. ಕೋಟಗಿರಿ ಚಿಕ್ಕದು. ಚಹಾ ತೋಟದ ಕೂಲಿಯವರಿಗೆಂದು ಒಂದು ಸಣ್ಣ ಆಸ್ಪತ್ರೆ ಇದೆ. ಅಲ್ಲಿಯ ಮುಖ್ಯ ಸಿಸ್ಟರು ನೀಲಗಿರಿಯ ಬಡಗ ಜನಾಂಗದ ಹೆಂಗಸು. ಅವರ ಮಾತು, ಗೋಡೆಯ ಆಚೆ ಯಾರೋ ಕನ್ನಡ ಮಾತಾಡಿದ ಹಾಗೆ ಕೇಳುತ್ತದೆ. ಅರ್ಧ ತಿಳಿಯುತ್ತದೆ. ನನ್ನ ಕಾಗದಪತ್ರ ನೋಡಿ, ಇಲ್ಲಿಯ ನೋಂದಣಿ ಆಗುವ ತನಕ ಸಹಾಯಕಿಯಾಗಿ ಬಾ ಎಂದರು. ಆಸ್ಪತ್ರೆಯ ಹಿಂದೆಯೇ ಒಂದು ಕೋಣೆ, ಒಂದು ಅಡುಗೆಮನೆ. ಕೆಲಸದವರ ಮಕ್ಕಳಿಗೆ ಒಂದು ಶಿಶುಮನೆಯೂ ಇದೆ. ದುಂಡೇಶನ ಕತೆ ಕೇಳಿದ ಆಯಾ, ಇಂಥ ಮಗುವನ್ನು ನೋಡಿಕೊಳ್ಳಲು ನನಗೆ ಧೈರ್ಯವಿಲ್ಲ ಅಂದಳು.

ಇವರು ಸಿಂದಗಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟವರು. ದಿನವಿಡೀ ಇಲ್ಲಿ ಅಂಥ ಅಂಗಡಿ ಹುಡುಕಿ ಬಂದರು. "ಒಂದೈತಿ. ಅವನೂ ನೊಣಾ ಹೊಡಕೋತ ಕುಂತಾನ. ಇಲ್ಲಿ ನೀರು ಗುಡ್ಡದ ಮ್ಯಾಲಿಂದ ತಾನಾ ಇಳದ ಬರತೈತಿ. ಮೋಟರು ಯಾರಿಗೆ ಬೇಕ?"

ಶಾಲೆಗಳೂ ತಮಿಳು, ಇಲ್ಲವೇ ಇಂಗ್ಲಿಷು.

ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ದುಂಡೇಶ ಹುಲ್ಲಿನ ಮೇಲೆ ಓಡಿದ. ಹನ್ನೆರಡಕ್ಕೆ! ಹುಟ್ಟಿದಾಗಿನಿಂದ ಮಧ್ಯಾಹ್ನ ಎಂದರೆ ಅವನಿಗೆ ಕೂಲರಿನ ಮುಂದಿನ ಚಾಪೆ. ಓಡಿದ, ಬಿದ್ದ, ಎದ್ದು ಮತ್ತೆ ಓಡಿದ. ಕುತ್ತಿಗೆಯ ಹಿಂದೆ ಕೈಯಿಟ್ಟು ನೋಡಿದೆ. ತಣ್ಣಗಿತ್ತು. ದಾರಿಯ ಪಕ್ಕದ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಇವರು ದುಂಡೇಶನ ಹಿಂದೆ ಹೋದರು.

ಇದೇ ಊರು.

ಜೂನ್ 16, ಭಾನುವಾರ. ಸಿಂದಗಿ

ಒಂದು ವಾರದಿಂದ ಮನೆಯಲ್ಲಿ ಇದೇ ಮಾತು. ಅತ್ತೆ ಶೇವಂತೆವ್ವ ಇವತ್ತು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿಬಿಟ್ಟರು: "ಹುಡುಗನ ಜೀವದ ಮಾತು, ನಾ ಅಡ್ಡ ಬರೂದಿಲ್ಲ. ಆದ್ರ ಮೊಮ್ಮಗಳನ್ನ ಆ ಭಾಷಾ ಬರಲಾರದ ಸಾಲಿಗೆ ನೂಕಬ್ಯಾಡ್ರಿ. ಅಕಿ ನನ್ನ ಕಡೆ ಇರಲಿ."

ಇವರಿಗೆ ಅಂಗಡಿ ಬಿಟ್ಟು ಬರಲಾಗದು. ಹುಡುಗನನ್ನು ನೋಡಿಕೊಳ್ಳಲು ನನ್ನ ಅವ್ವ ಬರುತ್ತಾಳೆ. ಹೀಗೆ ತೀರ್ಮಾನವಾಯಿತು: ನಾನು, ದುಂಡೇಶ, ಅವ್ವ ಹೋಗುವುದು. ಪ್ರಿಯಾ ಒಂದು ವರ್ಷ ಇಲ್ಲೇ. ನಾಲ್ಕನೆಯ ತರಗತಿ ಮುಗಿಯಲಿ, ಆಮೇಲೆ ನೋಡೋಣ.

ಸಂಜೆ ಬಟ್ಟೆ ಮಡಿಸುತ್ತಿದ್ದೆ. ಪ್ರಿಯಾ ಬಂದು ಎದುರಿಗೆ ನಿಂತಳು. ಮುಖ, ಕುತ್ತಿಗೆಯನ್ನೆಲ್ಲ ಟವೆಲಿನಿಂದ ತಿಕ್ಕಿ ತಿಕ್ಕಿ ಕೆಂಪು ಮಾಡಿಕೊಂಡಿದ್ದಳು.

"ಅವ್ವಾ, ನೋಡಿಲ್ಲಿ. ನನಗೂ ಬೆವರು ಬರಾಕತ್ತಿಲ್ಲ."

ಹೇಳುತ್ತಿರುವಾಗಲೇ ಮೂಗಿನ ತುದಿಯಲ್ಲಿ ಹನಿ ಮೂಡಿತ್ತು. ಇಂಥ ಕಾಯಿಲೆಯನ್ನು ಆಟಕ್ಕೆ ತೆಗೆದುಕೊಳ್ಳಬಾರದು ಎಂದು ಗದರಿಸಿದೆ. ಈ ವಯಸ್ಸಿಗೆ ಅಷ್ಟು ತಿಳಿಯಬೇಕು.

ತೆಗೆದುಕೊಂಡು ಹೋಗಬೇಕಾದ್ದು: ಎರಡು ಥರ್ಮಾಮೀಟರು, ನೆಬ್ಯುಲೈಜರು, ಮೂಗಿಗೆ ಹಾಕುವ ಉಪ್ಪುನೀರಿನ ಹನಿ, ದುಂಡೇಶನ ಹಾಸಿಗೆ.

ಜುಲೈ 4, ಗುರುವಾರ. ಕೋಟಗಿರಿ

ಬಂದು ಮೂರು ದಿನ. ಗರಿಷ್ಠ ಇಪ್ಪತ್ತೊಂದು. ದುಂಡೇಶನ ಮೈ ತೊಂಬತ್ತೆಂಟು ಪಾಯಿಂಟ್ ನಾಲ್ಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರೂ ಹೊತ್ತು ಅದೇ.

ಬಸ್‌ಸ್ಟ್ಯಾಂಡಿಗೆ ಪ್ರಿಯಾ ಬಂದಿರಲಿಲ್ಲ. ಹೊಟ್ಟೆನೋವು ಅಂದಳಂತೆ.

ಜುಲೈ 28, ಭಾನುವಾರ

ಮಂಜು. ಹತ್ತು ದಿನದಿಂದ ಬಟ್ಟೆ ಒಣಗಿಲ್ಲ. ಅವ್ವನಿಗೆ ಮೊಣಕಾಲು ಹಿಡಿದುಕೊಂಡಿದೆ, ಮಾತಾಡಲು ಯಾರೂ ಇಲ್ಲ. "ಇಲ್ಲಿ ಸೂರ್ಯಾನೂ ತಮಿಳಾಂವೇನ? ಮಾರಿ ತೋರಸವಲ್ಲ," ಅಂದಳು.

ದುಂಡೇಶನಿಗೆ ಕೆಮ್ಮು ಶುರುವಾಗಿದೆ. ಪ್ರಿಯಾ ಫೋನಿನಲ್ಲಿ ಶಾಲೆಯದೇನೋ ಹೇಳುತ್ತಿದ್ದಳು. ಆಗ ಅವನ ಉಸಿರು ಎಣಿಸುತ್ತಿದ್ದೆ, ಕೇಳಿಸಲಿಲ್ಲ.

ಆಗಸ್ಟ್ 6, ಮಂಗಳವಾರ

ನ್ಯುಮೋನಿಯಾ. ಬಲಗಡೆಯ ಎದೆ. ನಾನು ಕೆಲಸ ಮಾಡುವ ವಾರ್ಡಿನಲ್ಲೇ ಮಲಗಿಸಿದ್ದಾರೆ.

ಇವತ್ತು ಮಧ್ಯಾಹ್ನ ಜ್ವರ ನೂರಾ ನಾಲ್ಕಕ್ಕೆ ಏರಿತ್ತು. ಅಂಗಿ ತೆಗೆದು, ಒದ್ದೆ ಬಟ್ಟೆಯಿಂದ ಒರೆಸಿ, ಐಸು ತರಲು ಅಡುಗೆಮನೆಗೆ ಹೋದೆ. ಐದು ನಿಮಿಷವೂ ಆಗಿರಲಿಕ್ಕಿಲ್ಲ. ತಿರುಗಿ ಬಂದು ನೋಡಿದರೆ ಅವ್ವ ಹಾಸಿಗೆಯ ಮೇಲೆ ಕೂತು, ಆಸ್ಪತ್ರೆಯ ಎರಡು ಕಂಬಳಿ ಹೊಚ್ಚಿ, ಅವನನ್ನು ತೆಕ್ಕೆಯಲ್ಲಿ ಬಿಗಿಯಾಗಿ ಹಿಡಿದಿದ್ದಳು. "ಚಳಿಗೆ ನಡಗಾಕತ್ತಾನ ಕೂಸು," ಅಂದಳು.

ಕಂಬಳಿಗಳನ್ನು ಕಿತ್ತು ನೆಲಕ್ಕೆ ಎಸೆದೆ. "ಇವನ್ನೂ ಕೊಲ್ಲಬೇಕಂತ ಮಾಡೀಯೇನು?" ಎಂದು ಕೂಗಿದೆ. ಇಡೀ ವಾರ್ಡು ತಿರುಗಿ ನೋಡಿತು. ಯಾರಿಗೂ ಭಾಷೆ ತಿಳಿಯಲಿಲ್ಲ, ಅವ್ವನಿಗೆ ತಿಳಿಯಿತು.

ಆಗಸ್ಟ್ 7, ಬುಧವಾರ

ಜ್ವರ ಇಳಿದಿದೆ. ನೂರಾ ಒಂದು.

ಅವ್ವ ಬೆಳಿಗ್ಗೆ ವರಾಂಡದಲ್ಲಿ ಕೂತಿದ್ದಳು. ಚಹಾ ಕೊಟ್ಟೆ, ತೆಗೆದುಕೊಳ್ಳಲಿಲ್ಲ.

"ಅವತ್ತ ಊರಾಗ ನೀ ನನಗ ಸುಳ್ಳ ಹೇಳಿದ್ದಿ."

ಚಹಾದ ಲೋಟವನ್ನು ಅವಳ ಪಕ್ಕದಲ್ಲಿಟ್ಟೆ.

"ನೀರ ಹಚ್ಚಿ ಬಯಲಾಗ ಮಲಗಿಸಿದ್ರ ಉಳೀತಿದ್ರೇನು?"

"ಅವ್ವಾ, ಆಗ ಯಾರಿಗೆ ಗೊತ್ತಿತ್ತಬೇ..."

"ಉಳೀತಿದ್ರೇನು ಅಷ್ಟ ಹೇಳು."

ಹೌದು ಎಂದೆ. ಇನ್ನೊಂದು ಸುಳ್ಳು ಹೇಳಲು ಶಕ್ತಿ ಇರಲಿಲ್ಲ. ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲ.

ಅವ್ವ ತನ್ನ ಎರಡು ಕೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಆಗಸ್ಟ್ 25, ಭಾನುವಾರ

ದುಂಡೇಶ ಗುಣವಾಗಿ ಮನೆಗೆ ಬಂದ. ಅವ್ವ ಅವನನ್ನು ಮುಟ್ಟುವುದಿಲ್ಲ. ಅವನೇ ಹೋಗಿ ತೊಡೆ ಏರಿದರೆ ಎರಡೂ ಕೈ ಹಿಂದಕ್ಕೆ ಮಾಡಿಕೊಂಡು ಗೋಡೆಗೆ ಅಂಟಿ ಕೂಡುತ್ತಾಳೆ. "ನನ್ನ ಕಡೆ ಬಿಟ್ಟು ಹೋಗಬ್ಯಾಡ," ಅನ್ನುತ್ತಾಳೆ. ಅವಳಿಂದ ನನಗೆ ಉಪಯೋಗವಿಲ್ಲ ಎಂದಾಯಿತು. ಶನಿವಾರ ಇವರು ಬಂದು ಅವಳನ್ನು ದೇವಣಗಾಂವಕ್ಕೆ ಕರೆದುಕೊಂಡು ಹೋದರು. ಶಿಶುಮನೆಯ ಆಯಾಳಿಗೆ ಜ್ವರ ನೋಡುವುದನ್ನು, ಮೈ ಒರೆಸುವುದನ್ನು ಹೇಳಿಕೊಟ್ಟು ಒಪ್ಪಿಸಿದ್ದೇನೆ.

ಕೋಣೆ ಈಗ ದೊಡ್ಡದಾಗಿ ಕಾಣುತ್ತದೆ. ದುಂಡೇಶನ ಹಾಸಿಗೆಯನ್ನು ಕಿಟಕಿಯ ಪಕ್ಕಕ್ಕೆ ಎಳೆದೆ.

ಸೆಪ್ಟೆಂಬರ್ 15, ಭಾನುವಾರ

ಗುರುವಾರ ಪ್ರಿಯಾ ಫೋನ್ ಮಾಡಿದ್ದಳು. "ಅವ್ವಾ, ಇವತ್ತೇನೈತಿ ಹೇಳು?" ಅಂದಳು. "ಗುರುವಾರ" ಅಂದೆ. ಸ್ವಲ್ಪ ತಡೆದು, "ಹೌದು, ಗುರುವಾರ," ಎಂದು ಅಪ್ಪನ ಕೈಗೆ ಕೊಟ್ಟಳು. ಅವಳು ಹುಟ್ಟಿದ ದಿನವೆಂದು ಇವತ್ತು ಹೊಳೆಯಿತು. ನವೆಂಬರಿನಲ್ಲಿ ದುಂಡೇಶನದೂ ಬರುತ್ತದೆ. ಇಬ್ಬರದೂ ಸೇರಿಸಿ ಮಾಡಿದರಾಯಿತು.

ಚಿಕ್ಕಮ್ಮನ ಫೋನೂ ಬಂದಿತ್ತು. ಅವ್ವ ಮಧ್ಯಾಹ್ನದ ಹೊತ್ತು ಹೊಲದ ಬದುವಿಗೆ ಹೋಗಿ, ತಲೆಯ ಮೇಲೆ ಸೆರಗೂ ಹೊದೆಯದೆ ಬಿಸಿಲಲ್ಲಿ ಕೂಡುತ್ತಾಳಂತೆ. ಕರೆದರೆ ಒಳಗೆ ಬರುವುದಿಲ್ಲವಂತೆ. ರಜೆ ಸಿಕ್ಕಾಗ ಹೋಗಬೇಕು.

ದುಂಡೇಶನ ತೂಕ ಒಂದೂಕಾಲು ಕಿಲೋ ಏರಿದೆ.

ಅಕ್ಟೋಬರ್ 14, ಸೋಮವಾರ

ದಸರಾ ರಜೆಗೆ ಇವರು ಪ್ರಿಯಾಳನ್ನು ಕರೆದುಕೊಂಡು ಬಂದಿದ್ದರು. ನಾಲ್ಕು ದಿನ ಇದ್ದು ಇವತ್ತು ಹೋದರು.

ಎತ್ತರವಾಗಿದ್ದಾಳೆ. ಬಿಗಿಯಾಗಿ ಎರಡು ಜಡೆ. ಅತ್ತೆ ಕೊಟ್ಟು ಕಳಿಸಿದ ಶೇಂಗಾ ಹೋಳಿಗೆಯ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟಳು. ದುಂಡೇಶ ಮೊದಲ ದಿನ ಅವಳ ಗುರುತು ಸಿಗದೆ ನನ್ನ ಸೀರೆಯೊಳಗೆ ಅಡಗಿಕೊಂಡ. ಮರುದಿನ ಆಟಕ್ಕೆ ಹೋದ. ಅವನ ಹಿಂದೆ ಓಡುವಾಗ ಅವಳು ಸುಸ್ತಾಗಿ ಕೂತದ್ದು ಎರಡು ಸಲ ಕಂಡಿತು, ಎತ್ತರದ ಊರಿನ ಗಾಳಿ ಅವಳಿಗೆ ಹೊಸದು.

ಅವಳಿಗೆಂದು ಸ್ವೆಟರ್ ತಂದಿಟ್ಟಿದ್ದೆ. ತೋಳು ಗಿಡ್ಡವಾಯಿತು. ನಾನು ಮುಖ ಸಣ್ಣ ಮಾಡಿಕೊಂಡದ್ದು ನೋಡಿ, "ಇರಲಿ ಬಿಡ್ರಿ. ಮುಂದ ದುಂಡೇಶಗ ಆಗತೈತಿ," ಎಂದು ಮಡಿಸಿ ಕಪಾಟಿನಲ್ಲಿಟ್ಟಳು. ಮಡಿಸುವ ಕೈ ಎಷ್ಟು ಅಚ್ಚುಕಟ್ಟು.

ನಿನ್ನೆ ಇವರು ಚಹಾ ಕುಡಿಯುತ್ತಾ ಮಾತು ತೆಗೆದರು. "ಮುಂದಿನ ವರ್ಷಾನೂ ಅಕಿ ಅಲ್ಲೇ ಇರಲೇನು? ಅಕಿನ್ನ ಕೇಳಿದೆ, ಅಲ್ಲೇ ಇರತೇನಿ ಅಂದ್ಲು."

ಹಾಗೇ ಆಗಲಿ ಎಂದೆ. ಇಲ್ಲಿಯ ಶಾಲೆ ಅವಳಿಗೆ ಕಷ್ಟವೇ. ಇವರು ನನ್ನ ಮುಖವನ್ನೇ ನೋಡುತ್ತಾ ಬಹಳ ಹೊತ್ತು ಕೂತಿದ್ದರು. ದುಂಡೇಶನ ಸಂಜೆಯ ಜ್ವರ ನೋಡುವ ಹೊತ್ತಾಗಿತ್ತು, ಎದ್ದೆ.

ಇವತ್ತು ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆವು. ಇವರು ಚೀಲ ಇಡಲು ಮೇಲೆ ಹತ್ತಿದರು. ಪ್ರಿಯಾ ನನ್ನ ಮುಂದೆ ಬಂದು ನಿಂತು, ಬಗ್ಗಿ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ನಾನು ಅಪ್ಪಿಕೊಳ್ಳಬೇಕೆಂದರೆ ಕಂಕುಳಲ್ಲಿ ದುಂಡೇಶನಿದ್ದ.

"ಬರ್ತೇನ್ರಿ," ಅಂದಳು. "ನಿಮ್ಮ ಕೂಸಿನ್ನ ಜ್ವಾಕಿ ಮಾಡ್ರಿ."

ನಾಲ್ಕು ದಿನವೂ ಅವಳು ನನ್ನ ಜೊತೆ ಹೀಗೇ ಮಾತಾಡಿದಳು: ನೀವು, ಬರ್‍ರಿ, ಕುಂದರ್‍ರಿ. ದೊಡ್ಡವರ ಹತ್ತಿರ ಹೇಗೆ ನಡೆದುಕೊಳ್ಳಬೇಕೆಂದು ಅತ್ತೆ ಎಷ್ಟು ಚೆನ್ನಾಗಿ ಕಲಿಸಿದ್ದಾರೆ. ಫೋನ್ ಮಾಡಿದಾಗ ಅವರಿಗೆ ಹೇಳಬೇಕು.